ಎರಡು ಕಿಲೋ ಜಗಳ

ಜೂನ್ 14, 2025, ಶನಿವಾರ
ಚಿಕ್ಕಮಗಳೂರು

ರ‍್ಯಾಲಿ ಕಾರಿನ ಎಬಿಎಸ್ ಕಿತ್ತು ಹಾಕ್ತಾನಂತೆ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳೋದೇ ಅದು. ಮಧು ಬೆಳಿಗ್ಗೆ ಫೋನ್ ಮಾಡಿ ಹೇಳಿದ. ರ‍್ಯಾಲಿಯಲ್ಲಿ ಅವನು ಓಡಿಸ್ತಾನೆ, ನಾನು ಪಕ್ಕದಲ್ಲಿ ಕೂತು ಮುಂದಿನ ತಿರುವುಗಳ ನೋಟ್ಸ್ ಓದ್ತೀನಿ. "ತೂಕ ಕಮ್ಮಿ ಆಗುತ್ತೆ ಅಕ್ಕಾ, ಎಲ್ಲರೂ ತೆಗೀತಾರೆ." ಎಲ್ಲರೂ ಅಂದ್ರೆ ಯಾರೋ ಅಂತ ಕೇಳಿದೆ. ಒಂದು ಹೆಸರೂ ಬಾಯಿಗೆ ಬರಲಿಲ್ಲ.

ಮಳೆ ಹಿಡಿದು ಕೂತಿದೆ. ಊಟ ಮುಗಿಸಿ ಕೊಡೆ ತಗೊಂಡು ಬಷೀರಣ್ಣನ ಗ್ಯಾರೇಜಿಗೆ ಹೋದೆ. ಮಧು ಆಗಲೇ ಅಲ್ಲಿದ್ದ. ಬಷೀರಣ್ಣ ಮಾತಾಡಲಿಲ್ಲ. ಗುಜರಿ ಕಾರಿನಿಂದ ಬಿಚ್ಚಿಟ್ಟಿದ್ದ ಒಂದು ಎಬಿಎಸ್ ಯೂನಿಟ್ ತಂದು ನನ್ನ ಕೈಗೆ ಕೊಟ್ಟರು. ಅಂಗೈಗಿಂತ ಸ್ವಲ್ಪ ದೊಡ್ಡದಾದ ಅಲ್ಯೂಮಿನಿಯಂ ಗಟ್ಟಿ. ಒಂದು ಕಡೆ ಕಪ್ಪು ಪ್ಲಾಸ್ಟಿಕ್ ಡಬ್ಬಿ, ಇನ್ನೊಂದು ಕಡೆ ಪುಟ್ಟ ಮೋಟಾರು. ಮೈಮೇಲೆ ಆರು ತೂತು. ಎರಡರಲ್ಲಿ ಮಾಸ್ಟರ್ ಸಿಲಿಂಡರಿನಿಂದ ಆಯಿಲ್ ಒಳಗೆ ಬರುತ್ತೆ, ನಾಲ್ಕರಲ್ಲಿ ನಾಲ್ಕು ಚಕ್ರಕ್ಕೆ ಹೋಗುತ್ತೆ. ಹಳೇ ಬ್ರೇಕ್ ಆಯಿಲ್ ಕಂದು ಬಣ್ಣಕ್ಕೆ ತಿರುಗಿ ತೂತಿನ ಬಾಯಲ್ಲಿ ಮೆತ್ತಿಕೊಂಡಿತ್ತು. ಗುಜರಿ ತೂಗುವ ತಕ್ಕಡಿ ಮೇಲೆ ಇಟ್ಟರೆ ಎರಡು ಕಿಲೋ ಮುಟ್ಟಲಿಲ್ಲ.

"ಇಷ್ಟಕ್ಕೇನೋ?" ಅಂದೆ.

"ಬ್ರಾಕೆಟ್, ಪೈಪು, ಸೆನ್ಸರ್ ವೈರು ಎಲ್ಲಾ ಸೇರಿಸಿ ಅಕ್ಕಾ."

"ಸೇರಿಸು. ಪೆಟ್ರೋಲ್ ಲೀಟರಿಗೆ ಮುಕ್ಕಾಲು ಕಿಲೋ ತೂಗುತ್ತೆ. ನಾಲ್ಕೈದು ಲೀಟರ್ ಕಮ್ಮಿ ಹಾಕ್ಕೋ, ಲೆಕ್ಕ ಚುಕ್ತಾ. ಇಲ್ಲಾಂದ್ರೆ ಮದುವೆ ಆದ್ಮೇಲೆ ಬಂದಿರೋ ಹೊಟ್ಟೆ ಕರಗಿಸು."

ಬಷೀರಣ್ಣ ಆಚೆ ತಿರುಗಿ ನಕ್ಕರು. ಮಧುಗೆ ಸಿಟ್ಟು ಬಂತು.

ಈ ತೂಕದ ಮಾತು ಹಳೇ ಕಾಲದ್ದು. 1978ರಲ್ಲಿ ಬಾಷ್ ಕಂಪನಿ ಮರ್ಸಿಡಿಸ್ ಎಸ್ ಕ್ಲಾಸಿಗೆ ಕೊಟ್ಟ ಎಬಿಎಸ್ ಆರು ಕಿಲೋಗಿಂತ ಜಾಸ್ತಿ ಇತ್ತು. ಈಗ ಅದೇ ಕಂಪನಿಯ ಯೂನಿಟ್ ಒಂದು ಕಿಲೋ ಚಿಲ್ಲರೆಗೆ ಇಳಿದಿದೆ. ತೂಕ ಇಳಿದು ಎಷ್ಟೋ ವರ್ಷ ಆಯ್ತು, ಮಾತು ಮಾತ್ರ ಗ್ಯಾರೇಜಿಂದ ಗ್ಯಾರೇಜಿಗೆ ಹಾಗೇ ಓಡಾಡುತ್ತಿದೆ.

ಮಧು ಆಮೇಲೆ ಫಾರ್ಮುಲಾ ಒನ್ ತೆಗೆದ. 1993ರಲ್ಲಿ ವಿಲಿಯಮ್ಸ್ ಕಾರಿನಲ್ಲಿ ಎಬಿಎಸ್ ಇತ್ತು, 1994ಕ್ಕೆ ನಿಷೇಧ ಆಯ್ತು, ಅಲ್ವಾ ಅಂದ. ಹೌದು. ಆದರೆ ನಿಷೇಧ ಆಗಿದ್ದು ತೂಕಕ್ಕಲ್ಲ. ಡ್ರೈವರ್ ಮಾಡಬೇಕಾದ ಕೆಲಸವನ್ನು ಎಲೆಕ್ಟ್ರಾನಿಕ್ಸ್ ಮಾಡಬಾರದು ಅಂತ. ಅತ್ತ ಜಿಟಿ3 ರೇಸ್ ಕಾರುಗಳಿಗೆ ಕಾಸು ಕೊಟ್ಟು ರೇಸಿಗೇ ಮಾಡಿದ ಎಬಿಎಸ್ ಹಾಕಿಸುತ್ತಾರೆ. ಒಣ ಟ್ರ್ಯಾಕಿಗೆ ಒಂದು, ಒದ್ದೆಗೆ ಇನ್ನೊಂದು ಅಂತ ನಾಬ್ ತಿರುಗಿಸುತ್ತಾ ಓಡಿಸುತ್ತಾರೆ. ಅದನ್ನು ಹೇಳಿದರೆ "ಅದು ಟಾರ್ ಅಕ್ಕಾ, ನಮ್ಮದು ಮಣ್ಣು" ಅಂದ.

ಅಲ್ಲಿಗೆ ನಿಜ ಹೊರಗೆ ಬಿತ್ತು. ತೂಕ ಸುಮ್ನೆ ನೆಪ.

ಮಣ್ಣಿನ ವಿಷಯದಲ್ಲಿ ಅವನು ಹೇಳುವುದರಲ್ಲಿ ಹುರುಳಿದೆ. ಜಲ್ಲಿ ಮಣ್ಣಿನಲ್ಲಿ ಚಕ್ರ ಲಾಕ್ ಆದರೆ ಟೈರ್ ಮುಂದೆ ಮಣ್ಣು ಗುಡ್ಡೆ ಬೀಳುತ್ತೆ, ಆ ಗುಡ್ಡೆಯೇ ಕಾರನ್ನು ತಡೆಯುತ್ತೆ. ಎಬಿಎಸ್ ಚಕ್ರವನ್ನು ಲಾಕ್ ಆಗಲು ಬಿಡುವುದೇ ಇಲ್ಲ. ಬಿಟ್ಟು ಹಿಡಿದು, ಬಿಟ್ಟು ಹಿಡಿದು ಗುಡ್ಡೆ ಹತ್ತಿಸಿಕೊಂಡು ಮುಂದೆ ಹೋಗುತ್ತೆ. ನಿಲ್ಲುವ ದೂರ ಜಾಸ್ತಿ. ಹೋದ ಸೀಸನ್ನಿನಲ್ಲಿ ಒಂದು ತೋಟದ ಇಳಿಜಾರು. ನಾನು "ಎಡ ಮೂರು, ಕಟ್ ಬೇಡ" ಅಂತ ಓದಿದೆ. ಎಡಕ್ಕೆ ಮೂರನೇ ದರ್ಜೆಯ ತಿರುವು, ಒಳ ಅಂಚಿನ ಮೇಲೆ ಹಾಯಬೇಡ ಅಂತ. ಅವನು ಬ್ರೇಕ್ ಒತ್ತಿದ. ಉಬ್ಬಿನ ಮೇಲೆ ಚಕ್ರ ಗಾಳಿಯಲ್ಲಿ, ಅಷ್ಟರಲ್ಲಿ ಚಕ್ರ ಜಾರಿತು ಅಂತ ಯೂನಿಟ್ ತಿಳ್ಕೊಂಡಿರಬೇಕು. ಪೆಡಲ್ ಕಲ್ಲಾಯ್ತಂತೆ, ಕಾಲಡಿ ಗರಗರ ಅಂತಂತೆ. ಕಾರು ನಿಲ್ಲಲಿಲ್ಲ. ಸಿಲ್ವರ್ ಓಕ್ ಮರ ನನ್ನ ಕಡೆಗೇ ಬಂತು. ನನ್ನ ಕಡೆ ಪೆಡಲ್ ಇಲ್ಲ. ನೋಟ್ಸ್ ಪುಸ್ತಕ ಇದೆ, ಅಷ್ಟೇ. ಹೇಗೋ ಹ್ಯಾಂಡ್‌ಬ್ರೇಕ್ ಎಳೆದು ತಿರುಗಿಸಿದ. ನಾನು ಮುಂದಿನ ಸಾಲು ಓದಿದೆ.

ಹಾಗಾಗಿ ತೆಗೀಬೇಡ ಅಂತ ನಾನು ಹೇಳಿಲ್ಲ. ಅರೆಬರೆ ತೆಗೀಬೇಡ ಅಂದೆ. ಇವನ ಪ್ಲ್ಯಾನ್ ಏನು ಗೊತ್ತಾ? ಯೂನಿಟ್ ಬಿಚ್ಚಿ ಪೈಪು ನೇರ ಸೇರಿಸೋದು, ಮೀಟರಿನ ಎಬಿಎಸ್ ವಾರ್ನಿಂಗ್ ಲೈಟಿಗೆ ಟೇಪ್ ಹಾಕೋದು. ಮುಗೀತು!

ಇಲ್ಲಿ ಬಷೀರಣ್ಣ ಬಾಯಿ ಬಿಟ್ಟರು. "ಹಿಂದಿನ ಚಕ್ರಕ್ಕೆ ಪ್ರೆಷರ್ ಕಮ್ಮಿ ಮಾಡೋದು ಯಾರು ಮಧು? ಹಳೇ ಗಾಡೀಲಿ ಅದಕ್ಕೇ ಒಂದು ವಾಲ್ವ್ ಇರ್ತಿತ್ತು. ಇದ್ರಲ್ಲಿ ಆ ಕೆಲ್ಸಾನೂ ಈ ಡಬ್ಬೀನೇ ಮಾಡುತ್ತೆ. ಡಬ್ಬಿ ತೆಗುದ್ರೆ ಹಿಂದೆ ಮೊದ್ಲು ಲಾಕ್ ಆಗುತ್ತೆ, ಗಾಡಿ ಬುಗುರಿ ಥರ ತಿರುಗುತ್ತೆ." ಒಳಗೆ ಕೈಯಲ್ಲಿ ಅಡ್ಜಸ್ಟ್ ಮಾಡುವ ಪ್ರಪೋರ್ಷನಿಂಗ್ ವಾಲ್ವ್ ಹಾಕಬೇಕು, ಖಾಲಿ ಜಾಗದಲ್ಲಿ ಮತ್ತೆ ಮತ್ತೆ ಒತ್ತಿ ಮುಂದಿನ ಚಕ್ರವೇ ಮೊದಲು ಲಾಕ್ ಆಗುವ ಹಾಗೆ ಕೂರಿಸಬೇಕು ಅಂದರು. ಫ್ಯೂಸ್ ಕಿತ್ತರೂ ಅದೇ ಕಥೆ. ಮಧು ನೆಲ ನೋಡಿದ. ಫ್ಯೂಸ್ ಐಡಿಯಾನೂ ತಲೆಯಲ್ಲಿತ್ತು ಅನ್ಸುತ್ತೆ.

ನನಗೆ ಸ್ಟೇಜ್ ಬಗ್ಗೆ, ಅಂದ್ರೆ ಟೈಮ್ ಹಿಡಿದು ಜೋರಾಗಿ ಓಡಿಸುವ ರಸ್ತೆಯ ಬಗ್ಗೆ, ಅಷ್ಟು ಭಯ ಇಲ್ಲ. ಅಲ್ಲಿ ರಸ್ತೆ ಮುಚ್ಚಿರುತ್ತೆ, ಹೆಲ್ಮೆಟ್ ಇದೆ, ಕಾರು ಮಗುಚಿದರೆ ಕಾಪಾಡುವ ಕೇಜ್ ಇದೆ. ಭಯ ಇರೋದು ಒಂದು ಸ್ಟೇಜಿನಿಂದ ಇನ್ನೊಂದಕ್ಕೆ ಹೋಗುವ ಮಾಮೂಲಿ ರಸ್ತೆಯದ್ದು. ಒದ್ದೆ ಟಾರು, ಎದುರಿಗೆ ಬಸ್ಸು, ತಿರುವಿನಲ್ಲಿ ದನ, ಶಾಲೆ ಬಿಟ್ಟ ಮಕ್ಕಳು. ಎಬಿಎಸ್ ಇರೋದೇ ಅಂಥ ಕಡೆಗೆ. ಚಕ್ರ ಲಾಕ್ ಆದರೆ ಸ್ಟೀರಿಂಗ್ ತಿರುಗಿಸಿ ಏನು ಪ್ರಯೋಜನ, ಕಾರು ನೇರ ಹೋಗುತ್ತೆ. 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರಿಗೂ ಕಡ್ಡಾಯ ಮಾಡಿದ್ದು ಸುಮ್ನೆ ಅಲ್ಲ. ನಾಳೆ ಏನಾದರೂ ಆದರೆ ಇನ್ಶೂರೆನ್ಸಿನವರು ಮೊದಲು ಬಾನೆಟ್ ತೆಗೆದು ನೋಡ್ತಾರೆ ಅಂದೆ. "ಅಲ್ಲಿ ನಾನು ನಿಧಾನ ಹೋಗ್ತೀನಿ ಅಕ್ಕಾ." ಹೇಳಿದ ಹೊತ್ತಿಗೆ ಮುಟ್ಟಬೇಕಾದ ಟೈಮ್ ಕಂಟ್ರೋಲಿಗೆ ಮೂರು ನಿಮಿಷ ಉಳಿದಾಗ ಇವನು ನಿಧಾನ ಹೋಗಿದ್ದನ್ನು ನಾನಂತೂ ನೋಡಿಲ್ಲ.

ಕೊನೆಗೆ ಏನೂ ತೀರ್ಮಾನ ಆಗಲಿಲ್ಲ. ಮೊದಲು ನಮ್ಮ ಕಾರು ಓಡುವ ಕ್ಲಾಸಿನ ರೂಲ್ ಬುಕ್ ಓದು, ರ‍್ಯಾಲಿಗೆ ಮುಂಚೆ ಕಾರು ಪರೀಕ್ಷೆ ಮಾಡುವ ಸ್ಕ್ರುಟಿನಿಯಲ್ಲಿ ಹಿಡಿದು ವಾಪಸ್ ಕಳಿಸಿದರೆ ಎಂಟ್ರಿ ಫೀಸೂ ಹೋಯ್ತು ಅಂತ ಹೇಳಿ ಎದ್ದೆ.

ಮನೆಗೆ ಬಂದರೆ ಕರೆಂಟ್ ಇಲ್ಲ. ಅಮ್ಮ ಹಲಸಿನ ಹಪ್ಪಳ ಸುಟ್ಟು ಕೊಟ್ಟಳು. "ಆ ಹುಡುಗನ ಜೊತೆ ಇನ್ನೂ ಹೋಗ್ತೀಯಾ?" ಅಂದಳು. ದಿನಾ ಕೇಳ್ತಾಳೆ. ಹೂಂ ಅಂದೆ. ಹಪ್ಪಳ ಚೆನ್ನಾಗಿತ್ತು.

ಈಗ ತಲೆ ಕೊರೆಯುತ್ತಿರುವುದು ಬೇರೆ. ಅವನು ತೆಗೆದೇ ತೆಗೆಯುತ್ತಾನೆ, ಗೊತ್ತು. ಹಾಗಾದರೆ ಅವನು ಬ್ರೇಕ್ ಒತ್ತುವ ಜಾಗಗಳೆಲ್ಲ ಬದಲಾಗುತ್ತವೆ. ಮಣ್ಣಿನಲ್ಲಿ ಸ್ವಲ್ಪ ತಡವಾಗಿ, ಕಲ್ಲು ಹಾಸಿದ ಕಡೆ ಬೇಗ. ನನ್ನ ನೋಟ್ಸ್ ಎಲ್ಲಾ ಎಬಿಎಸ್ ಇದ್ದ ಕಾರಿನದ್ದು. ಸಾಲು ಓದುವ ಹೊತ್ತನ್ನೂ ಬದಲಾಯಿಸಬೇಕು. ಬೇಗ ಓದಿದರೆ ಮರೆತುಬಿಡ್ತಾನೆ, ತಡ ಮಾಡಿದರೆ... ಒಣ ಮಣ್ಣಿನಲ್ಲಿ ಒಂದು ಸಲ, ಮಳೆ ಬಿದ್ದ ಮೇಲೆ ಇನ್ನೊಂದು ಸಲ ಅವನನ್ನು ಕೂರಿಸಿಕೊಂಡು ಓಡಿಸಿ ನೋಡಿದರೆ, ಅಥವಾ ಬಷೀರಣ್ಣನ ಹತ್ತಿರ ಆ ವಾಲ್ವಿನ ನಾಬ್ ನನ್ನ ಕಡೆಗೇ ಹಾಕಿಸಿಕೊಂಡರೆ