ಚಾಸಿ ಒಬ್ಬರದು, ಬಾಡಿ ಇನ್ನೊಬ್ಬರದು

ಧಾರವಾಡ ಬೈಪಾಸಿನಲ್ಲಿ ಓಡಾಡುವವರು ಬರಿಯ ಚಾಸಿಯನ್ನು ಓಡಿಸಿಕೊಂಡು ಹೋಗುವ ಚಾಲಕರನ್ನು ಕಂಡೇ ಇರುತ್ತಾರೆ. ಬಾಗಿಲಿಲ್ಲ, ಮೇಲೆ ಹೊದಿಕೆಯಿಲ್ಲ. ಎಂಜಿನ್ನು, ಸ್ಟೇರಿಂಗು, ಎರಡು ಉದ್ದನೆಯ ಉಕ್ಕಿನ ತೊಲೆಗಳು, ಗಾಲಿಗಳು, ಮುಖಕ್ಕೆ ಟವೆಲ್ ಸುತ್ತಿಕೊಂಡು ಹಲಗೆಯ ಮೇಲೆ ಕುಳಿತ ಒಬ್ಬ ಮನುಷ್ಯ, ಇಷ್ಟೇ. ತೊಂಬತ್ತರ ದಶಕದಲ್ಲಿ ನಮ್ಮ ಕಾಕಾ ಲಾರಿ ಕೊಂಡಾಗ ಕಂಪನಿಯಿಂದ ಬಂದದ್ದೂ ಇಂಥದೇ ಚಾಸಿ. ಬಾಡಿಯನ್ನು ಹುಬ್ಬಳ್ಳಿಯಲ್ಲಿ ಕಟ್ಟಿಸಿದರು. ಬ್ಯಾಡಗಿಯ ಮೆಣಸಿನಕಾಯಿ ಸಾಗಿಸುವುದೇ ಮುಖ್ಯ ಕೆಲಸವಾಗಿದ್ದುದರಿಂದ, ತೂಕ ಕಡಿಮೆಯಾದರೂ ಜಾಗ ಬಹಳ ಬೇಡುವ ಆ ಚೀಲಗಳಿಗಾಗಿ ಬದಿಯ ಹಲಗೆಗಳು ಇಷ್ಟು ಎತ್ತರ ಇರಲೇಬೇಕೆಂದು ಅವರು ಮಿಸ್ತ್ರಿಯೊಡನೆ ಮೂರು ದಿನ ವಾದಿಸಿದ್ದು ನನಗೆ ಚೆನ್ನಾಗಿ ನೆನಪಿದೆ.

ಇಟಲಿಯ ಹಳೆಯ ಸ್ಪೋರ್ಟ್ಸ್ ಕಾರುಗಳ ಬಗ್ಗೆ ಓದುವ ಹುಚ್ಚು ಹಿಡಿದ ಮೇಲೆ ನನಗೆ ಮೊದಲು ಹೊಳೆದದ್ದು ಆ ವಾದವೇ. ಫೆರಾರಿ, ಆಲ್ಫಾ ರೋಮಿಯೊ ಎಂದೊಡನೆ ಇಡೀ ಕಾರು ಒಂದೇ ಗೇಟಿನಿಂದ ಹೊರಬರುತ್ತಿತ್ತೆಂದು ನಾವು ಭಾವಿಸುತ್ತೇವೆ. 1960ರ ದಶಕದವರೆಗೆ ಇಂಥ ಅನೇಕ ಸ್ಪೋರ್ಟ್ಸ್ ಕಾರುಗಳ ಸಂಗತಿ ಹಾಗಿರಲಿಲ್ಲ. ಕಂಪನಿ ಚಾಸಿ ಮತ್ತು ಎಂಜಿನ್ ಕೊಡುತ್ತಿತ್ತು, ಬಾಡಿಯನ್ನು ಬೇರೆಯವರು ಕಟ್ಟುತ್ತಿದ್ದರು. ಅಂಥ ಕಾರ್ಖಾನೆಗೆ ಇಟಲಿಯಲ್ಲಿ ‘ಕಾರೊಟ್ಸೆರಿಯಾ’ ಎಂದು ಹೆಸರು. ಕುದುರೆಗಾಡಿಗೆ ಅಲ್ಲಿ ಹೇಳುವ ‘ಕಾರೊಟ್ಸಾ’ ಎಂಬ ಮಾತಿನಿಂದ ಬಂದದ್ದು. ಜೊವಾನಿ ಬೆರ್ತೋನೆ 1912ರಲ್ಲಿ ಟುರಿನ್ನಿನಲ್ಲಿ ಅಂಗಡಿ ತೆರೆದಾಗ ಗಾಡಿ ಮಾಡುವವನೇ ಆಗಿದ್ದ. ವಿಮಾನದ ಕಾರ್ಖಾನೆಯಲ್ಲಿ ಪಳಗಿದ ಉಗೊ ಜಗಾಟೊ 1919ರಲ್ಲಿ ಮಿಲಾನಿನಲ್ಲಿ ಕೆಲಸ ಆರಂಭಿಸಿದ. ವಿಮಾನಕ್ಕೆ ತೂಕವೇ ಶತ್ರುವೆಂಬ ಪಾಠವನ್ನು ಅವನು ಕಾರಿಗೆ ತಂದ. ಜಗಾಟೊ ಬಾಡಿಯ ಆಲ್ಫಾ 6ಸಿ 1750 ಕಾರಿನಲ್ಲಿಯೇ ಇಟಲಿಯ ಓಟಗಾರ ನುವೊಲಾರಿ 1930ರ ಮಿಲ್ಲೆ ಮಿಲ್ಯಾ ಓಟ ಗೆದ್ದದ್ದು. ಬ್ರೆಷಾದಿಂದ ರೋಮಿಗೆ ಹೋಗಿ ಮರಳುವ, ಸಾವಿರ ಮೈಲಿಗಳ, ಜನ ದಿನವೂ ಓಡಾಡುವ ರಸ್ತೆಯ ಮೇಲೆಯೇ ನಡೆಯುತ್ತಿದ್ದ ಆ ಓಟದಲ್ಲಿ ಬಾಡಿಯ ಒಂದೊಂದು ಕಿಲೋ ತೂಕವೂ ಲೆಕ್ಕಕ್ಕೆ ಬರುತ್ತಿತ್ತು. ಕಾಕಾನಿಗೆ ಚೀಲ ಹಿಡಿಯುವ ಬಾಡಿ ಬೇಕಿತ್ತು, ಆ ಓಟಗಾರರಿಗೆ ಗಾಳಿ ಸೀಳುವ ಬಾಡಿ ಬೇಕಿತ್ತು. ಹೇಳಿ ಮಾಡಿಸಿಕೊಳ್ಳುವ ರೀತಿ ಮಾತ್ರ ಒಂದೇ.

ತೂಕ ಇಳಿಸುವ ವಿದ್ಯೆಯನ್ನು ಎಲ್ಲರಿಗಿಂತ ಮುಂದಕ್ಕೆ ಒಯ್ದದ್ದು ಮಿಲಾನಿನ ಟೂರಿಂಗ್ ಕಾರ್ಖಾನೆ ಎಂಬುದು ನನ್ನ ಅಭಿಪ್ರಾಯ. ಫೆಲಿಚೆ ಬಿಯಾಂಕಿ ಆಂಡರ್ಲೋನಿ ಮತ್ತು ಗಾಯೆಟಾನೊ ಪೊಂಜೋನಿ 1926ರಲ್ಲಿ ಅದನ್ನು ಆರಂಭಿಸಿದರು. ಮೊದಲಿಗೆ ಮರದ ಚೌಕಟ್ಟಿನ ಮೇಲೆ ಬಟ್ಟೆ ಬಿಗಿಯುವ ವೈಮನ್ ಪದ್ಧತಿಯನ್ನು ಅವರು ಅನುಸರಿಸುತ್ತಿದ್ದರು. 1936ರ ಹೊತ್ತಿಗೆ ಮರ ಹೋಗಿ, ಬಾಡಿಯ ಆಕಾರಕ್ಕೆ ಬಗ್ಗಿಸಿ ಬೆಸೆದ ತೆಳುವಾದ ಉಕ್ಕಿನ ಕೊಳವೆಗಳ ಪಂಜರ ಬಂತು. ಅದರ ಮೇಲೆ ಅಲ್ಯೂಮಿನಿಯಂ ತಗಡನ್ನು ಹೊದಿಸಿ, ಅಂಚನ್ನು ಕೊಳವೆಗೆ ಸುತ್ತಿ ಮಡಚುತ್ತಿದ್ದರು. ಇದಕ್ಕೆ ಇಟ್ಟ ಹೆಸರು ‘ಸೂಪರ್‌ಲೆಜೆರಾ’, ಅಂದರೆ ಅತಿ ಹಗುರ. 1948ರ ಟುರಿನ್ ಪ್ರದರ್ಶನದಲ್ಲಿ ಇದೇ ಪದ್ಧತಿಯ ಬಾಡಿ ಹೊತ್ತು ಬಂದ ಫೆರಾರಿ 166 ಎಂಎಂ ಚಿಕ್ಕ ದೋಣಿಯಂತೆ ಕಂಡದ್ದರಿಂದ ‘ಬಾರ್ಕೆಟ್ಟಾ’ ಎನಿಸಿಕೊಂಡಿತು, ಮತ್ತು ಮರುವರ್ಷವೇ ಮಿಲ್ಲೆ ಮಿಲ್ಯಾ, ಫ್ರಾನ್ಸಿನ 24 ಗಂಟೆಗಳ ಓಟವಾದ ಲ ಮಾನ್ ಎರಡನ್ನೂ ಗೆದ್ದಿತು. ಈ ಸೊಗಸಿನ ಒಳಗೆ ಒಂದು ರೋಗವೂ ಇತ್ತು. ಉಕ್ಕಿಗೆ ಅಲ್ಯೂಮಿನಿಯಂ ತಾಗಿದ ಕಡೆ ತೇವ ಸೇರಿದರೆ ತಗಡು ಒಳಗಿನಿಂದ ತಿಂದುಹೋಗುತ್ತದೆ. ಹೊರಗಿನ ಬಣ್ಣ ಉಬ್ಬಿಕೊಳ್ಳುವ ಹೊತ್ತಿಗೆ ಅಂಚಿನ ಮಡಿಕೆ ಪುಡಿಯಾಗಿರುತ್ತದೆ.

ಫೆರಾರಿಯ ಓಟದ ಕಾರುಗಳ ಬಾಡಿಗಳನ್ನು ಮುಂದೆ ಬಹುಮಟ್ಟಿಗೆ ಕಟ್ಟಿದವನು ಮೊಡೆನಾದ ಸೆರ್ಜೊ ಸ್ಕಾಲಿಯೆಟ್ಟಿ. ಮರಾನೆಲ್ಲೊದ ಫೆರಾರಿ ಕಾರ್ಖಾನೆಗೂ ಅವನ ಊರಿಗೂ ಇರುವ ದೂರ ನಮ್ಮ ಹುಬ್ಬಳ್ಳಿ-ಧಾರವಾಡದಷ್ಟೇ ಎಂದರೆ ನಡೆದೀತು. ಮರಳು ತುಂಬಿದ ಚರ್ಮದ ಚೀಲದ ಮೇಲೆ ತಗಡಿಟ್ಟು, ಮರದ ಸುತ್ತಿಗೆಯಿಂದ ಬಡಿಯುತ್ತ, ನಕ್ಷೆಗಿಂತ ಕಣ್ಣನ್ನೇ ನಂಬಿ ಕೆಲಸ ಮಾಡಿದವನೆಂದು ಅವನ ಖ್ಯಾತಿ. ಇದನ್ನು ಓದುವಾಗ ನನಗೆ ಹುಬ್ಬಳ್ಳಿಯ ಕಂಚಗಾರ ಗಲ್ಲಿ ಕಣ್ಣಿಗೆ ಕಟ್ಟುತ್ತದೆ. ಬಡಿದಷ್ಟೂ ಲೋಹ ಬಿರುಸಾಗುತ್ತದೆ, ಬಿರುಸಾದದ್ದನ್ನು ಮತ್ತೆ ಬಡಿದರೆ ಸೀಳುತ್ತದೆ. ಆದ್ದರಿಂದ ಕೊಡ ಮಾಡುವವನು ನಡುನಡುವೆ ತಾಮ್ರವನ್ನು ಕೆಂಪಗೆ ಕಾಯಿಸಿ ಮೆತ್ತಗೆ ಮಾಡಿಕೊಳ್ಳುತ್ತಾನೆ. ಅಲ್ಯೂಮಿನಿಯಂ ಮಾತ್ರ ಹಾಗೆ ಬಣ್ಣ ತೋರಿಸಿ ಎಚ್ಚರಿಸುವುದಿಲ್ಲ, ನೋಡನೋಡುತ್ತಲೇ ಕರಗಿಬಿಡುತ್ತದೆ. ಅದಕ್ಕಾಗಿ ತಗಡಿಗೆ ಮೊದಲು ಸೋಪು ಸವರುತ್ತಾರೆ. ಸೋಪು ಕಪ್ಪಾದೊಡನೆ ಉರಿ ತೆಗೆಯಬೇಕು. 1962ರಿಂದ 1964ರವರೆಗೆ ಕೇವಲ 36 ತಯಾರಾದ 250 ಜಿಟಿಒ ಕಾರುಗಳ ಬಾಡಿ ಇಂಥ ಕೈಗಳಿಂದಲೇ ಬಂದದ್ದು. ಕೈಯಿಂದ ಬಡಿದ ಬಾಡಿಯ ಎಡಗಡೆಗೆ ಟೇಪು ಹಿಡಿದು ಅದೇ ಅಳತೆಯನ್ನು ಬಲಗಡೆಯಲ್ಲಿ ಹುಡುಕಬಾರದು, ಸಿಗುವುದಿಲ್ಲ.

ಚಾಸಿಯನ್ನು ಬೆತ್ತಲೆಯಾಗಿಯೇ ಜನರ ಮುಂದಿಟ್ಟ ಧೈರ್ಯ ಲಂಬೋರ್ಗಿನಿಯದು. ಜಾನ್‌ಪಾವೊಲೊ ಡಲ್ಲಾರಾ ಮತ್ತು ಜೊತೆಗಾರರು 12 ಸಿಲಿಂಡರಿನ ಎಂಜಿನ್ನನ್ನು ಚಾಲಕನ ಬೆನ್ನ ಹಿಂದೆ ಅಡ್ಡಡ್ಡ ಕೂರಿಸಿ ಮಾಡಿದ್ದ ಚಾಸಿಯನ್ನು 1965ರ ಟುರಿನ್ ಪ್ರದರ್ಶನದಲ್ಲಿ ಬಾಡಿಯೇ ಇಲ್ಲದೆ ನಿಲ್ಲಿಸಿದರು. ಬಾಡಿ ಕಟ್ಟುವ ಕೆಲಸ ಬೆರ್ತೋನೆಗೆ ಸಿಕ್ಕಿತು, ಗೆರೆ ಎಳೆದದ್ದು ಇನ್ನೂ ಮೂವತ್ತು ತುಂಬದ ಮಾರ್ಚೆಲ್ಲೊ ಗಾಂಡಿನಿ. 1966ರ ಮಾರ್ಚಿನಲ್ಲಿ ಜಿನೀವಾ ಪ್ರದರ್ಶನದಲ್ಲಿ ಅದು ಮಿಯುರಾ ಎಂಬ ಕಾರಾಗಿ ನಿಂತಿತ್ತು. ಅದೇ ವರ್ಷ ಟೂರಿಂಗ್ ಬಾಗಿಲು ಹಾಕಿತು.

ಬಾಗಿಲು ಹಾಕಿದ್ದು ಕಲೆ ಬತ್ತಿದ್ದರಿಂದಲ್ಲ. ತೊಲೆಗಳ ಚಾಸಿಯೇ ಇಲ್ಲದೆ, ತಗಡಿನ ಪೆಟ್ಟಿಗೆಯೇ ಭಾರ ಹೊರುವಂತೆ ಕಾರು ಕಟ್ಟುವ ಪದ್ಧತಿ ಬಂದ ಮೇಲೆ, ಹೊರಗಿನವನಿಗೆ ಬಾಡಿ ಕಟ್ಟಲು ಜಾಗವೇ ಉಳಿಯಲಿಲ್ಲ. ಸಾವಿರಾರು ಕಾರುಗಳಿಗೆ ಬಾಡಿ ಒತ್ತುವ ಕಾರ್ಖಾನೆಗಳಾಗಿ, ವಿನ್ಯಾಸ ಮಾರುವ ಕಚೇರಿಗಳಾಗಿ ಬದಲಾದವರು ಬದುಕಿದರು. 1930ರಲ್ಲಿ ಬತ್ತಿಸ್ತಾ ‘ಪಿನಿನ್’ ಫರೀನಾ ಆರಂಭಿಸಿದ ಪಿನಿನ್‌ಫರೀನಾ ಹಾಗೆ ಉಳಿದುಕೊಂಡಿತು. 2016ರಿಂದ ಅದರ ಒಡೆಯರು ನಮ್ಮ ಮಹೀಂದ್ರಾ. ಲಾರಿ ಬಸ್ಸುಗಳಲ್ಲಿ ತೊಲೆಗಳ ಚಾಸಿ ಇನ್ನೂ ಉಳಿದಿರುವುದರಿಂದ ಬಾಡಿ ಕಟ್ಟುವ ಕಸುಬು ನಮ್ಮಲ್ಲಿ ಉಳಿದಿದೆ. ಧಾರವಾಡದಲ್ಲಿ ಬಸ್ ಬಾಡಿ ಕಟ್ಟಲು ಬಂದ ಮಾರ್ಕೊಪೋಲೊ ಹೆಸರಿಗೆ ವೆನಿಸಿನದಾದರೂ ಬ್ರೆಜಿಲ್ ಕಂಪನಿ ಎಂಬುದು ಬೇರೆ ಮಾತು.

ಪಿನಿನ್ ಫರೀನಾನ ಕೈಯಿಂದ ಬಂದ ಒಂದು ಕಾರನ್ನು ಇಲ್ಲಿಯವರೆಗೆ ಬೇಕೆಂದೇ ಹೇಳದೆ ಇಟ್ಟಿದ್ದೆ. 1947ರ ಚಿಸಿಟಾಲಿಯಾ 202. ಮಡ್‌ಗಾರ್ಡು, ಬಾನೆಟ್ಟು, ದೀಪಗಳು ಬೇರೆ ಬೇರೆ ತುಂಡುಗಳಾಗಿ ಕಾಣದೆ ಒಂದೇ ಹಾಳೆಯಲ್ಲಿ ಹರಿದಂತಿರುವ ಆ ಕಾರನ್ನು 1951ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಸಂಗ್ರಹಾಲಯ ಶಿಲ್ಪದಂತೆ ಪ್ರದರ್ಶಿಸಿತು. ಬಾನೆಟ್ ಎತ್ತಿದರೆ ಇರುವುದು ಫಿಯೆಟ್ 1100ರ 1089 ಸಿಸಿ ಎಂಜಿನ್ನನ್ನೇ ಹುರಿಗೊಳಿಸಿದ ರೂಪ. ನಮ್ಮ ಮನೆಯ ಪ್ರೀಮಿಯರ್ ಪದ್ಮಿನಿಯದೂ ಅದೇ ವಂಶದ 1089 ಸಿಸಿ ಎಂಜಿನ್.

ಕಳೆದ ವರ್ಷ ಟಿಂಕರಿಂಗ್ ಅಂಗಡಿಯೊಂದರಲ್ಲಿ ಪದ್ಮಿನಿಯ ಮಡ್‌ಗಾರ್ಡಿನ ತುಕ್ಕಿನ ಮೇಲೆ ಬೆರಳು ದಪ್ಪ ಪುಟ್ಟಿ ಮೆತ್ತಿ ಕಳಿಸಿದ್ದರು. ಮಳೆಗಾಲಕ್ಕೆ ಅದು ಹಪ್ಪಳದಂತೆ ಎದ್ದುಬಂತು. ಬೇರೆ ಮಿಸ್ತ್ರಿಯ ಬಳಿ ಒಯ್ದು, ಇದಕ್ಕೆ ಹೊಸ ಬಾಡಿಯನ್ನೇ ಕಟ್ಟಿಸಿದರೆ ಹೇಗೆಂದು ಅರೆ ತಮಾಷೆಯಲ್ಲಿ ಕೇಳಿದೆ. ಆತ ಕೆಳಗೆ ಬಗ್ಗಿ, ಟಾರ್ಚು ಹಾಕಿ ನೋಡಿ, “ಕೆಳಗ ಚಾಸೀನ ಇಲ್ರೀ ಸರ, ಕಟ್ಟೂದು ಯಾತರ ಮ್ಯಾಲ?” ಎಂದ.