ಕಡಲ ಬದಿಯವರಿಗೆ ಹಿಮಾಲಯ ಆಗ್ತದಾ?

ಬದಿಯಡ್ಕದ ಪೇಟೆಯಲ್ಲಿ ಸಿಕ್ಕವರೂ ಮದುವೆ ಊಟಕ್ಕೆ ಪಕ್ಕದಲ್ಲಿ ಕೂತವರೂ ಹಿಮಾಲಯದ ಚಾರಣದ ಬಗ್ಗೆ ನನ್ನಲ್ಲಿ ಕೇಳುವುದು ಹೆಚ್ಚುಕಡಿಮೆ ಒಂದೇ: "ಅಕ್ಕಾ, ನಾವು ಕಡಲ ಬದಿಯವರು. ಅಷ್ಟು ಎತ್ತರದಲ್ಲಿ ನಮಗೆ ಉಸಿರು ಸಿಗ್ತದಾ? ಎಷ್ಟು ತಿಂಗಳು ಪ್ರಾಕ್ಟೀಸ್ ಮಾಡ್ಬೇಕು?"

ಆಗ್ತದೆ, ಖಂಡಿತ ಆಗ್ತದೆ. ಆದರೆ ಇದರಲ್ಲಿ ಇರುವುದು ಎರಡು ಪ್ರಶ್ನೆ. ಕಾಲಿಗೆ ಬೇಕಾದ ಅಭ್ಯಾಸವನ್ನು ಊರಲ್ಲೇ ಮಾಡಬಹುದು, ಎರಡು ಮೂರು ತಿಂಗಳು ಬಿಡದೆ ಮಾಡಿದರೆ ಸಾಕು. ಎತ್ತರಕ್ಕೆ ಮೈ ಒಗ್ಗುವುದು ಮಾತ್ರ ಊರಲ್ಲಿ ಆಗುವ ಕೆಲಸವಲ್ಲ. ಅದು ಬೆಟ್ಟದ ಮೇಲೆಯೇ, ಅಲ್ಲಿ ಕಳೆಯುವ ರಾತ್ರಿಗಳಿಂದಲೇ ಆಗಬೇಕು. ನಾನು ದಿನಾ ಓಡುತ್ತೇನೆ, ನನಗೇನೂ ಆಗದು ಎಂದು ಹೊರಡುವ ಹುಡುಗರ ಬಗ್ಗೆ ನನಗೆ ಹೆಚ್ಚು ಚಿಂತೆ.

ಮೇಲೆ ಹೋದ ಹಾಗೆ ಆಮ್ಲಜನಕದ ಪಾಲು ಇಳಿಯುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಕಾಸರಗೋಡಿನ ಗಾಳಿಯಲ್ಲೂ ಕೇದಾರನಾಥದ ಗಾಳಿಯಲ್ಲೂ ಅದು ಶೇ. 21ರ ಹತ್ತಿರವೇ ಇದೆ. ಇಳಿಯುವುದು ಗಾಳಿಯ ಒತ್ತಡ. ಮೊದಲ ಸಲ ಹಿಮ ನೋಡುವವರು ಹೆಚ್ಚಾಗಿ ಆರಿಸುವ ಉತ್ತರಾಖಂಡದ ಕೇದಾರಕಂಠದ ತುದಿ ಸುಮಾರು 3,800 ಮೀಟರ್. ಅಲ್ಲಿಯ ಒತ್ತಡ ನಮ್ಮ ಕಡಲ ದಡದ ಮೂರರಲ್ಲಿ ಎರಡು ಪಾಲಿಗಿಂತ ಕಡಿಮೆ. 5,364 ಮೀಟರಿನ ಎವರೆಸ್ಟ್ ಬೇಸ್ ಕ್ಯಾಂಪಿನಲ್ಲಿ ಸುಮಾರು ಅರ್ಧ. 4,000 ಮೀಟರಿನಲ್ಲಿ ನೀರು ಸುಮಾರು 87 ಡಿಗ್ರಿಗೇ ಕುದಿಯುತ್ತದೆ. ನಮ್ಮ ಕುಚ್ಚಲಕ್ಕಿಯನ್ನು ಕುಕ್ಕರ್ ಇಲ್ಲದೆ ಅಲ್ಲಿ ಬೇಯಿಸಲು ಹೊರಟರೆ ಹೊತ್ತು ಹೋದದ್ದೇ ಬಂತು.

ತೆಳು ಗಾಳಿಗೆ ಮೈ ಮೊದಲು ಮಾಡುವ ಕೆಲಸ ಜೋರಾಗಿ ಉಸಿರಾಡುವುದು. ಹಾಗೆ ಉಸಿರಾಡಿದಾಗ ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಗೆ ಹೋಗಿ ರಕ್ತ ಸ್ವಲ್ಪ ಕ್ಷಾರೀಯವಾಗುತ್ತದೆ, ಅದೇ ಮತ್ತೆ ಉಸಿರಾಟವನ್ನು ಹಿಡಿದಿಡುತ್ತದೆ. ಆ ಹೆಚ್ಚುವರಿ ಕ್ಷಾರವನ್ನು ಮೂತ್ರಪಿಂಡಗಳು ಹೊರಹಾಕಲು ಕೆಲವು ದಿನ ಬೇಕು. ಕೆಂಪು ರಕ್ತಕಣ ಹೆಚ್ಚಲು ವಾರಗಳೇ ಬೇಕು. ಮೂತ್ರಪಿಂಡವನ್ನು ಬೇಗ ಬೇಗ ಕೆಲಸ ಮಾಡು ಎಂದು ಓಟದಿಂದಲೋ ಪ್ರಾಣಾಯಾಮದಿಂದಲೋ ಪಳಗಿಸಲು ಬರುವುದಿಲ್ಲ.

ಇದು ನಮ್ಮ ದೇಶದ ಸೈನ್ಯ ಕಷ್ಟಪಟ್ಟು ಕಂಡುಕೊಂಡ ಸತ್ಯ. 1962ರ ಚೀನಾ ಯುದ್ಧದ ಹೊತ್ತಿಗೆ ಬಯಲಿನ ಸೈನಿಕರನ್ನು ಗಡಿಯ ಎತ್ತರಕ್ಕೆ ತರಾತುರಿಯಲ್ಲಿ ಸಾಗಿಸಬೇಕಾಯಿತು. ತೆಳು ಗಾಳಿಗೆ ಮೈ ಒಗ್ಗದೆ ಬರುವ ಎತ್ತರದ ಕಾಯಿಲೆಗೆ ತುತ್ತಾದ 1,925 ಸೈನಿಕರ ಬಗ್ಗೆ ಇಂದರ್ ಸಿಂಗ್ ಮತ್ತು ಅವರ ಜೊತೆಯ ವೈದ್ಯರು 1969ರಲ್ಲಿ ಪ್ರಕಟಿಸಿದ ಲೇಖನವನ್ನು ಜಗತ್ತಿನ ವೈದ್ಯರು ಈಗಲೂ ಉಲ್ಲೇಖಿಸುತ್ತಾರೆ. ಅವರೆಲ್ಲ ಕವಾಯತು ಮಾಡಿ ಗಟ್ಟಿಯಾದ ಮೈಯವರು. ಜಿಮ್ಮಿಗೆ ಹೋಗುತ್ತೇನೆ ಎನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಹಾಗಾದರೆ ಮಾಡುವುದೆಂತ? ಚಾರಣದ ದಿನಚರಿ ಕೈಗೆ ಬಂದಾಗ ದೂರವನ್ನಲ್ಲ, ಪ್ರತಿ ರಾತ್ರಿ ಮಲಗುವ ಜಾಗದ ಎತ್ತರವನ್ನು ನೋಡಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಇದ್ದಲ್ಲೇ ಇನ್ನೊಂದು ರಾತ್ರಿ ಉಳಿಯಬೇಕು ಎಂಬುದು ವೈದ್ಯರು ಒಪ್ಪಿದ ಲೆಕ್ಕ. ಹಗಲು ಮೇಲೆ ಹತ್ತಿ ರಾತ್ರಿಗೆ ಕೆಳಗಿಳಿದರೆ ತೊಂದರೆ ಕಡಿಮೆ. ಲೇಹ್‌ಗೆ ವಿಮಾನದಲ್ಲಿ ಹೋಗುವವರು ಸುಮಾರು 3,500 ಮೀಟರಿನಲ್ಲಿ ಒಮ್ಮೆಲೇ ಇಳಿಯುತ್ತಾರೆ. ಮೊದಲ ಎರಡು ದಿನ ಅಲ್ಲಿ ವಿಶ್ರಾಂತಿ ಬಿಟ್ಟರೆ ಬೇರೆ ಕಾರ್ಯಕ್ರಮವೇ ಬೇಡ. ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕಳೆದು, ದೆಹಲಿಯಿಂದ ಡೆಹ್ರಾಡೂನ್, ಅಲ್ಲಿಂದ ಇಡೀ ದಿನ ಜೀಪಿನಲ್ಲಿ ಕುಲುಕಿ ಬಂದವರು ಮರುದಿನವೇ ನಡೆಯಲು ಹೊರಡುವುದೂ ಒಳ್ಳೆಯದಲ್ಲ. ರಜೆ ಕಡಿಮೆ ಎಂದಾದರೆ ಸಣ್ಣ ಚಾರಣ ಆರಿಸಿ, ದೊಡ್ಡದನ್ನು ಗಡಿಬಿಡಿಯಲ್ಲಿ ಮುಗಿಸಬೇಡಿ.

ಕೇದಾರನಾಥಕ್ಕೆ ಹೊರಡುವ ಹಿರಿಯರ ವಿಷಯವೂ ಇಲ್ಲಿಯೇ ಬರುತ್ತದೆ. ಅದು ಯಾತ್ರೆ, ಚಾರಣವಲ್ಲ ಎಂದು ಯಾರೂ ಇದನ್ನೆಲ್ಲ ಅವರಿಗೆ ಹೇಳುವುದಿಲ್ಲ. ಗೌರಿಕುಂಡ 2,000 ಮೀಟರಿನ ಆಸುಪಾಸು, ದೇವಸ್ಥಾನ 3,583 ಮೀಟರ್, ನಡುವಿನ ಏರನ್ನು ಜನ ಒಂದೇ ದಿನದಲ್ಲಿ ಹತ್ತುತ್ತಾರೆ. ಮಾವನಿಗೆ ಬಿಪಿ ಇದೆ, ಅತ್ತೆಗೆ ಸಕ್ಕರೆ ಕಾಯಿಲೆ ಇದೆ ಎಂದಾದರೆ ಟಿಕೆಟ್ ಮಾಡುವ ಮೊದಲೇ ಅವರ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಹೆಲಿಕಾಪ್ಟರಿನಲ್ಲಿ ಹೋದರೆ ಕಾಲಿಗೆ ಸುಖವೇ ಹೊರತು ಎತ್ತರದ ವಿಷಯದಲ್ಲಿ ಏನೂ ಲಾಭವಿಲ್ಲ.

ಎತ್ತರದ ಕಾಯಿಲೆ ತಡೆಯಲು ನುಂಗುವ ಡಯಮಾಕ್ಸ್ ಮಾತ್ರೆಯ ಬಗ್ಗೆಯೂ ಕೇಳುತ್ತಾರೆ. ಅದರಲ್ಲಿರುವ ಅಸೆಟಜೋಲಮೈಡ್ ಎಂಬ ಔಷಧಿ, ಕ್ಷಾರ ಹೊರಹಾಕುವ ಮೂತ್ರಪಿಂಡದ ಆ ಕೆಲಸವನ್ನೇ ಬೇಗ ಮಾಡಿಸುತ್ತದೆ. ತಡೆಗಾಗಿ ದೊಡ್ಡವರಿಗೆ ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಹತ್ತುವ ಹಿಂದಿನ ದಿನದಿಂದ ಕೊಡುತ್ತಾರೆ. ಬೆರಳ ತುದಿ ಜುಮುಜುಮು ಎನ್ನುತ್ತದೆ, ಮೂತ್ರ ಹೆಚ್ಚುತ್ತದೆ. ಸಲ್ಫಾ ಔಷಧಿ ಆಗದವರು ಅದನ್ನು ವೈದ್ಯರಿಗೆ ಹೇಳಲೇಬೇಕು. ಗೆಳೆಯನ ಚೀಲದಿಂದ ಕೇಳಿ ನುಂಗುವ ಮಾತ್ರೆ ಅದಲ್ಲ. ಏನೇ ನುಂಗಿದರೂ ಮೇಲೆ ಹೇಳಿದ 500 ಮೀಟರಿನ ಲೆಕ್ಕ ಬದಲಾಗುವುದಿಲ್ಲ.

ಇನ್ನು ಕಾಲಿನ ವಿಷಯ. ಇದರಲ್ಲಿ ನಾವು ಬಡವರಲ್ಲ. ತೋಟಕ್ಕೆ ಇಳಿದು ಹತ್ತಿ, ಗುಡ್ಡೆಯಿಂದ ಸೊಪ್ಪು ಹೊತ್ತು ಬೆಳೆದವರಿಗೆ ಅರ್ಧ ಅಭ್ಯಾಸ ಆಗಿಯೇ ಇದೆ. ಉಳಿದವರು ವಾರಕ್ಕೆ ನಾಲ್ಕು ದಿನ ಬೆಳಗ್ಗೆ ಬೇಗ, ಸೆಕೆ ಏರುವ ಮೊದಲು ಬಿರುಸಾಗಿ ನಡೆಯಿರಿ, ಆಮೇಲೆ ನಿಧಾನಕ್ಕೆ ಓಟಕ್ಕೆ ತಿರುಗಿ. ಐದು ಕಿಲೋಮೀಟರನ್ನು ಸುಮಾರು 35ರಿಂದ 40 ನಿಮಿಷದಲ್ಲಿ ಓಡಿ ಮುಗಿಸಿ ಮಾತಾಡುವಷ್ಟು ಉಸಿರು ಉಳಿದರೆ ಸಾಧಾರಣ ಚಾರಣಕ್ಕೆ ಸಾಕು. ವಾರದ ಕೊನೆಗೆ ನಮ್ಮ ಕಾಸರಗೋಡಿನ ಪೊಸಡಿಗುಂಪೆ ಗುಡ್ಡೆಯನ್ನು ಐದಾರು ಕಿಲೋ ಭಾರದ ಚೀಲದೊಂದಿಗೆ ಒಂದಕ್ಕಿಂತ ಹೆಚ್ಚು ಸಲ ಹತ್ತಿ ಇಳಿಯಿರಿ. ಆಮೇಲೆ ನಮ್ಮ ಜಿಲ್ಲೆಯದ್ದೇ ರಾಣಿಪುರಂ ಬೆಟ್ಟ. ಕೊನೆಗೆ ಅರಣ್ಯ ಇಲಾಖೆಯ ಅನುಮತಿ ಪಡೆದು ಕುಕ್ಕೆಯಿಂದ ಕುಮಾರಪರ್ವತ. ಅದರ ತುದಿ 1,712 ಮೀಟರ್ ಆದರೂ ಕುಕ್ಕೆಯಿಂದ ಹತ್ತುವ ಏರು 1,500 ಮೀಟರಿಗಿಂತ ಹೆಚ್ಚು; ಹಿಮಾಲಯದಲ್ಲಿ ಒಂದು ದಿನಕ್ಕೆ ಅಷ್ಟು ಹತ್ತಿಸುವ ಚಾರಣ ಅಪರೂಪ. ಇಳಿಯುವುದನ್ನು ಅಭ್ಯಾಸ ಎಂದೇ ಎಣಿಸಿ ಮಾಡಿ. ಮೊಣಕಾಲು ಕೈಕೊಡುವುದು ಏರಿನಲ್ಲಲ್ಲ, ಇಳಿಜಾರಿನಲ್ಲಿ.

ಚಪ್ಪಲಿ ಹಾಕಿ ಬೆಳೆದ ನಮ್ಮ ಕಾಲಿನ ಬೆರಳು ಅಗಲ. ಶೂ ಕೊಳ್ಳುವಾಗ ದಪ್ಪ ಕಾಲುಚೀಲ ಹಾಕಿಯೇ ನೋಡಿ, ಮುಂದೆ ಒಂದು ಬೆರಳಿನಷ್ಟು ಜಾಗ ಇರಲಿ, ಕುಮಾರಪರ್ವತಕ್ಕೆ ಅದನ್ನೇ ಹಾಕಿ ಹೋಗಿ. ಹತ್ತಿಯ ಬನಿಯನ್, ಬೈರಾಸು (ಟವೆಲು) ಊರಲ್ಲಿ ಹಿತ. ಅಲ್ಲಿ ಬೆವರು ಕುಡಿದು ಒಣಗದೆ ಮೈಯ ಬಿಸಿ ಎಳೆಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ತಯಾರಿಯನ್ನು ಯಾರೂ ಕೇಳುವುದಿಲ್ಲ. ಅದು ಬಾಯಿಬಿಟ್ಟು ಹೇಳುವ ಅಭ್ಯಾಸ. ನಮ್ಮವರಿಗೆ ಸಂಕೋಚ ಹೆಚ್ಚು. ತಲೆನೋವು ಬಂದರೆ, ಹೊಟ್ಟೆ ತೊಳಸಿದರೆ, ನನ್ನಿಂದ ಎಲ್ಲರಿಗೂ ತೊಂದರೆ ಆಗುವುದು ಬೇಡ ಎಂದು ಮಾತ್ರೆ ನುಂಗಿ ಸುಮ್ಮನೆ ನಡೆಯುತ್ತಾರೆ. ತಲೆನೋವಿನ ಜೊತೆ ವಾಕರಿಕೆ, ಸುಸ್ತು, ತಲೆಸುತ್ತು ಸೇರಿದರೆ ಅದು ಎತ್ತರದ ಕಾಯಿಲೆ ಎಂದೇ ತಿಳಿದು ಇದ್ದಲ್ಲೇ ನಿಲ್ಲಬೇಕು. ಹೆಚ್ಚಿದರೆ ಇಳಿಯಬೇಕು. ನೇರ ಗೆರೆಯಲ್ಲಿ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯಲು ಆಗದಿದ್ದರೆ, ಮಾತು ತಡವರಿಸಿದರೆ ಮಿದುಳಿನಲ್ಲಿ ಬಾವು ಆಗಿರಬಹುದು. ಕೂತಲ್ಲೂ ಏದುಸಿರು, ನಿಲ್ಲದ ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಆಗ ಬೆಳಗಾಗಲಿ ಎಂದು ಕಾಯಬಾರದು, ರಾತ್ರಿಯಾದರೂ ಯಾರಾದರೂ ಹಿಡಿದುಕೊಂಡು ಕೆಳಗೆ ಕರೆದೊಯ್ಯಬೇಕು. ಗೈಡುಗಳ ಜೊತೆ ಮಾತು ಹಿಂದಿಯಲ್ಲಿ. ಮಲಯಾಳ, ತುಳು, ಕನ್ನಡ ಎಲ್ಲ ಬಂದರೂ ಹಿಂದಿಗೆ ತಡವರಿಸುವವರು ನಮ್ಮಲ್ಲಿ ಬಹಳ. "ಸಿರ್ ಮೇಂ ದರ್ದ್ ಹೈ", "ಚಕ್ಕರ್ ಆ ರಹಾ ಹೈ", "ಸಾಂಸ್ ಲೇನೇ ಮೇಂ ತಕ್ಲೀಫ್ ಹೈ" ಎಂಬಷ್ಟನ್ನು ರೈಲಿನಲ್ಲೇ ಬಾಯಿಪಾಠ ಮಾಡಿ.

ಹಣ ಕಟ್ಟುವ ಮೊದಲು ಸಂಸ್ಥೆಯವರಿಗೆ ಫೋನ್ ಮಾಡಿ ಕೇಳಿ: ಆಮ್ಲಜನಕದ ಸಿಲಿಂಡರ್ ಗುಂಪಿನ ಜೊತೆಯೇ ಬರುತ್ತದೆಯೇ, ಕೆಳಗಿನ ಊರಲ್ಲಿ ಇರುತ್ತದೆಯೇ? ಗೈಡ್ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಂಥ ಕಡೆ ತರಬೇತಿ ಪಡೆದವರೇ? ಒಬ್ಬರಿಗೆ ಹುಷಾರಿಲ್ಲದಾದರೆ ಅವರ ಜೊತೆ ಇಳಿಯುವವರು ಯಾರು, ಉಳಿದವರನ್ನು ನೋಡಿಕೊಳ್ಳುವವರು ಯಾರು? ಸರಿಯಾದ ಉತ್ತರ ಸಿಗದಿದ್ದರೆ ಬೇರೆಯವರನ್ನು ಹುಡುಕಿ. ಗೆಳೆಯರು, ಗಂಡ ಹೆಂಡತಿ, ಅಣ್ಣ ತಂಗಿ ಒಟ್ಟಿಗೆ ಹೋಗುವುದಾದರೆ ನಿಮ್ಮೊಳಗೂ ಇದೊಂದು ಮಾತು ಕಾಸರಗೋಡು ಸ್ಟೇಷನ್ನಿನಲ್ಲಿ ರೈಲು ಹತ್ತುವ ಮೊದಲೇ ಆಗಿಬಿಡಲಿ: ಒಬ್ಬರು ಇಳಿಯಬೇಕಾದರೆ ಇನ್ನೊಬ್ಬರು ತುದಿಯ ಆಸೆ ಬಿಟ್ಟು ಜೊತೆಗೆ ಇಳಿಯುವುದು.