ಜಲ್ಲಿ ತೊಳೆದ ತಪ್ಪು

ಕಲಬುರಗಿಯ ನಮ್ಮ ಮಾಳಿಗೆಯ ಮೇಲೆ 500 ಲೀಟರಿನ ಟಾಕಿ ಇದೆ. ಅದರಲ್ಲಿ ಇಪ್ಪತ್ತು ಗೆಂಡೆ ಮರಿ ಬಿಟ್ಟಿದ್ದೆ. ಪಕ್ಕದ ಕಲ್ಲು ತುಂಬಿದ ತೊಟ್ಟಿಯಲ್ಲಿ ಪುಂಡಿ, ಪಾಲಕ. ಮೀನಿನ ನೀರು ಪಂಪಿನಿಂದ ಕಲ್ಲಿಗೆ ಏರಿ, ಬೇರಿನ ನಡುವೆ ಹರಿದು, ಮತ್ತೆ ಟಾಕಿಗೆ ಇಳಿಯುತ್ತದೆ.

ಹೋದ ದೀಪಾವಳಿಗೆ ಮುಂಚೆ ಅವ್ವ ಮೇಲೆ ಬಂದು, "ಕಲ್ಲು ಎಷ್ಟು ಹೊಲಸಾಗ್ಯಾವ ನೋಡು, ಲೋಳಿ ಹಿಡದದ" ಎಂದಳು. ನನಗೂ ಹೌದೆನಿಸಿತು. ಎಲ್ಲವನ್ನೂ ನಳದ ನೀರಲ್ಲಿ ಉಜ್ಜಿ ತೊಳೆದೆ. ಐದನೇ ದಿನ ಬೆಳಿಗ್ಗೆ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಸಂಜೆಯೊಳಗೆ ಒಂಬತ್ತು ಸತ್ತವು. ಅವನ್ನು ಎತ್ತಿ ಹಾಕುವಾಗ ಕೈ ನಡುಗಿತು.

ಆ ಲೋಳೆಯಲ್ಲೇ ನಮ್ಮ ತೋಟದ ಜೀವ ಇತ್ತು. ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತದೆ. ಅದು ಮೀನಿಗೇ ವಿಷ. ಕಲ್ಲಿಗೆ ಅಂಟಿಕೊಂಡ ನೈಟ್ರೊಸೊಮೋನಾಸ್ ಎಂಬ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ನೈಟ್ರೈಟೂ ಕೆಟ್ಟದ್ದೇ, ಮೀನಿನ ರಕ್ತ ಕಂದಾಗಿ ಉಸಿರು ಕಟ್ಟುತ್ತದೆ. ನೈಟ್ರೊಸ್ಪೈರಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡಿದಾಗ ಪುಂಡಿಗೆ ಒಳ್ಳೆ ಗೊಬ್ಬರ. ಈ ಜೀವಿಗಳು ಮೊಸರಿನ ಹಾಗೆ ಒಂದು ರಾತ್ರಿಗೆ ಆಗುವಂಥವಲ್ಲ. ಹೊಸ ತೊಟ್ಟಿ ಹದಕ್ಕೆ ಬರಲು 4ರಿಂದ 6 ವಾರ ಬೇಕು. ನಾನು ಒಂದೇ ಮಧ್ಯಾಹ್ನದಲ್ಲಿ ತೊಳೆದು ಹಾಕಿದ್ದೆ. ಉಳಿದಿದ್ದನ್ನು ನಳದ ನೀರಿನ ಕ್ಲೋರಿನ್ ಕೊಂದಿತ್ತು.

ಇನ್ನೊಂದು ಕಾರಣವೂ ಇತ್ತು. ತೊಟ್ಟಿಯಲ್ಲಿ ಇದ್ದದ್ದು ಶಹಾಬಾದ ಕಲ್ಲಿನ ಚೂರು. ನಮ್ಮಲ್ಲಿ ಸುಮ್ನೆ ಸಿಗುತ್ತದೆ ಅಲ್ವಾ? ಆದರೆ ಅದು ಸುಣ್ಣದ ಕಲ್ಲು. ಲಿಂಬೆ ರಸ ಹಿಂಡಿದೆ, ನೊರೆ ಎದ್ದಿತು. ನೀರಿನ ಪಿಎಚ್, ಅಂದರೆ ನೀರು ಹುಳಿಯೋ ಕ್ಷಾರವೋ ಎಂಬ ಅಳತೆ, ನೋಡಿದರೆ 8.2. ಪಿಎಚ್ ಏರಿದಷ್ಟೂ ಅಮೋನಿಯಾದ ವಿಷ ಜಾಸ್ತಿ. ಬೇರಿಗೆ ಕಬ್ಬಿಣದ ಅಂಶವೂ ದಕ್ಕುವುದಿಲ್ಲ. ಪಾಲಕದ ಎಳೆ ಎಲೆ ಯಾಕೆ ಹಳದಿ ಆಗುತ್ತಿತ್ತು ಅಂತ ಆಗ ತಿಳಿಯಿತು.

ಕಲ್ಲು ಬದಲಿಸಿ ಕರಿಕಲ್ಲಿನ ಜಲ್ಲಿ ಹಾಕಿದೆ. ಉಳಿದ ಹನ್ನೊಂದು ಮೀನಿಗೆ ಮೇವು ಅರ್ಧ ಮಾಡಿದೆ. ದಿನಾ ಒಂದಿಷ್ಟು ನೀರು ಬದಲಿಸಿದೆ, ಅದೂ ಡ್ರಮ್ಮಿನಲ್ಲಿ ಒಂದು ದಿನ ತೆರೆದಿಟ್ಟ ನೀರು. ಆಳಂದದ ಗೆಳತಿ ತನ್ನ ಹಳೇ ತೊಟ್ಟಿಯಿಂದ ಒಂದು ಬಕೆಟ್ ಲೋಳೆ ಹಿಡಿದ ಜಲ್ಲಿ ಒಣಗದಂತೆ ತಂದುಕೊಟ್ಟಳು.

ಅದನ್ನು ಸುರಿಯುವಾಗ ಅವ್ವ ನೋಡುತ್ತಾ ನಿಂತಿದ್ದಳು. "ಹೆಪ್ಪು ಹಾಕಿದಂಗ ಏನವ್ವಾ?" ಎಂದು ಕೇಳಿದಳು.

"ಹೌದವ್ವಾ, ಹೆಪ್ಪೇ."

ಮೂರನೇ ವಾರ ನೈಟ್ರೈಟ್ ಸೊನ್ನೆಗೆ ಬಂತು.